ಬೆಂಕಿ ಕಾಣದ ಒಲೆ



ಹಗಲೆಲ್ಲ ದುಡಿದು, ಮಕ್ಕಳಿಗೆ ಉಣ್ಣಲು ಇಟ್ಟು, ಪುಸ್ತಕ ಹಿಡಿದು ಬಂದಿದ್ದೀರಿ. ಇವತ್ತು ಒಂದು ಒಲೆಯ ವಿಷಯ ಮಾತಾಡೋಣ.

ನಮ್ಮ ಅಜ್ಜಿ ಮೂರು ಕಲ್ಲಿನ ಒಲೆ ಊದಿದಳು. ಅಮ್ಮ ಸೀಮೆಎಣ್ಣೆ ಸ್ಟವ್‌ಗೆ ಪಂಪು ಹೊಡೆದಳು. ನಾವು ಗ್ಯಾಸು ಹಚ್ಚಿದೆವು. ಈಗ ಇನ್ನೊಂದು ಒಲೆ ಬಂದಿದೆ. ಅದೇ ಮೈಕ್ರೋವೇವ್ ಓವನ್.

2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾಯಿತು. ಸುತ್ತಮುತ್ತ ದೊಡ್ಡ ದೊಡ್ಡ ಮನೆಗಳು ಎದ್ದವು. ನಮ್ಮಲ್ಲಿ ಕೆಲವರು ಅಂಥ ಮನೆಗಳಿಗೆ ಅಡುಗೆ ಕೆಲಸಕ್ಕೆ ಹೋಗ್ತಾರೆ. ಅಲ್ಲಿ ಈ ಒಲೆ ಇರುತ್ತೆ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದಲ್ಲಿ ನಮ್ಮಂಥವರ ಮನೆಗೂ ಒಂದೊಂದಾಗಿ ಬರ್ತಾ ಇದೆ.

ನಮ್ಮ ಕೇಂದ್ರದ ಒಬ್ಬ ತಂಗಿಯ ಕಥೆ ಹೇಳ್ತೀನಿ. ಅವಳು ಹೀಗೇ ಒಂದು ಮನೆಗೆ ಕೆಲಸಕ್ಕೆ ಸೇರಿದಳು. ಮಧ್ಯಾಹ್ನ ತನ್ನ ಬಸ್ಸಾರು ಬಿಸಿ ಮಾಡಲು ಸ್ಟೀಲ್ ಡಬ್ಬಿಯನ್ನು ಹಾಗೇ ಓವನ್ ಒಳಗೆ ಇಟ್ಟಳು. ಗುಂಡಿ ಒತ್ತಿದಳು. ಚಟಚಟ ಎಂದು ಕಿಡಿ ಹಾರಿತು. ಅವಳು ಹೆದರಿ ಹೊರಗೆ ಓಡಿದಳು. “ಓದು ಬರದವಳಿಗೆ ಇದೆಲ್ಲ ಯಾಕೆ” ಎಂದು ಬೈದರು. ಅವಳು ಅತ್ತಳು. ಕೆಲಸ ಬಿಡ್ತೀನಿ ಅಂದಳು.

ತಪ್ಪು ಯಾರದು? ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟೇ.

“ಬೆಂಕಿಯಿಲ್ಲದೆ ಹೊಗೆಯಾಡದು” ಅಂತ ಗಾದೆ. ಈ ಒಲೆಯಲ್ಲಿ ಬೆಂಕಿಯೂ ಕಾಣದು, ಹೊಗೆಯೂ ಕಾಣದು. ಆದರೆ ಕೈ ಸುಡುತ್ತೆ. ಕಣ್ಣಿಗೆ ಕಾಣದ್ದನ್ನು ತಿಳಿದೇ ಬಳಸಬೇಕು.

ಈ ಪೆಟ್ಟಿಗೆಯಲ್ಲಿ ಒಂದಲ್ಲ, ಎರಡು ಒಲೆ ಇರಬಹುದು.

ಮೊದಲನೆಯದು ಅಲೆಯ ಒಲೆ. ಇದೇ ಮೈಕ್ರೋವೇವ್. ರೇಡಿಯೋಗೆ ಬರುವ ಅಲೆಯ ಜಾತಿಯದೇ ಈ ಅಲೆ. ಸೆಕೆಂಡಿಗೆ 245 ಕೋಟಿ ಸಲ ಅಲುಗುತ್ತದೆ. ಅನ್ನ, ಸಾರಿನಲ್ಲಿರುವ ನೀರಿನ ಕಣಗಳನ್ನು ಅಲುಗಿಸುತ್ತದೆ. ಅದರಿಂದ ಊಟ ಬಿಸಿಯಾಗುತ್ತದೆ. ಲೋಹಕ್ಕೆ ಬಡಿದರೆ ಅಲೆ ವಾಪಸ್ ಬರುತ್ತದೆ. ಕಿಡಿ ಹಾರಬಹುದು. ಅದಕ್ಕೇ ಇಲ್ಲಿ ಸ್ಟೀಲ್, ಅಲ್ಯೂಮಿನಿಯಂ, ಚಮಚ, ಬೆಳ್ಳಿ ಹಾಳೆ ಬೇಡ. ಚಿನ್ನದ ಬಣ್ಣದ ಅಂಚಿನ ತಟ್ಟೆಯೂ ಬೇಡ.

ಎರಡನೆಯದು ಬಿಸಿಗಾಳಿಯ ಒಲೆ. ಇದಕ್ಕೆ ಕನ್ವೆಕ್ಷನ್ ಅಂತಾರೆ. ಒಳಗೆ ಸುರುಳಿ ಕಾಯುತ್ತದೆ. ಫ್ಯಾನು ಬಿಸಿಗಾಳಿ ಬೀಸುತ್ತದೆ. ಕೇಕು, ಬಿಸ್ಕತ್ತು ಬೇಯುವುದು ಇದರಲ್ಲಿ. ನೀರು ಕುದಿಯುವುದು 100 ಡಿಗ್ರಿಗೆ. ಈ ಗಾಳಿ 180, 200 ಡಿಗ್ರಿ ಕಾಯುತ್ತದೆ. ಇಲ್ಲಿ ಲೋಹದ ತಟ್ಟೆ ಆಗುತ್ತದೆ. ಪ್ಲಾಸ್ಟಿಕ್ ಆಗದು, ಕರಗಿಬಿಡುತ್ತೆ.

ನೋಡಿದಿರಾ? ಒಂದು ಒಲೆಗೆ ಸರಿಯಾದ ಪಾತ್ರೆ ಇನ್ನೊಂದಕ್ಕೆ ತಪ್ಪು. ಅದಕ್ಕೇ ಗುಂಡಿ ಒತ್ತುವ ಮುಂಚೆ ಕೇಳಿಕೊಳ್ಳಿ: ಈಗ ಯಾವ ಒಲೆ? ಅಲೆಯೋ, ಬಿಸಿಗಾಳಿಯೋ? ಎರಡೂ ಸೇರಿ ನಡೆಯುವ ಗುಂಡಿಯೂ ಇರುತ್ತೆ. ತಿಳಿದವರು ತೋರಿಸಿಕೊಡುವ ತನಕ ಅದನ್ನು ಮುಟ್ಟಬೇಡಿ. ಬಿಸಿಗಾಳಿ ನಿಂತ ಮೇಲೂ ಒಳಗೋಡೆ ಕಾದಿರುತ್ತೆ. ಆಗಲೇ ಪ್ಲಾಸ್ಟಿಕ್ ಡಬ್ಬಿ ಇಟ್ಟರೆ ಅದೂ ಕರಗುತ್ತೆ. ಆರಲು ಬಿಡಿ.

ಇನ್ನು ಕೆಲವು ಎಚ್ಚರದ ಮಾತು.

ಮೊಟ್ಟೆಯನ್ನು ಇಡಿಯಾಗಿ ಇಡಬೇಡಿ. ಬೇಯಿಸಿದ ಮೊಟ್ಟೆಯೂ ಬೇಡ. ಒಳಗಿನ ಹಬೆ ಒತ್ತಿ ಸಿಡಿಯುತ್ತದೆ. ಆಲೂಗಡ್ಡೆಗೆ ಮೊದಲು ಚುಚ್ಚಿ ತೂತು ಮಾಡಿ. ಡಬ್ಬಿಯ ಮುಚ್ಚಳ ಬಿಗಿ ಮಾಡಬೇಡಿ. ಹೋಟೆಲಿನಿಂದ ತಂದ ಸಾರಿನ ಪ್ಲಾಸ್ಟಿಕ್ ಕವರ್, ಐಸ್‌ಕ್ರೀಂ ಡಬ್ಬಿ, ಪೇಪರು ಇಡಬೇಡಿ.

ಬರೀ ನೀರು ಕಾಯಿಸುವಾಗ ಹುಷಾರು. ಗುಳ್ಳೆ ಬಾರದೆ ಸುಮ್ಮನೆ ಇರುತ್ತೆ. ಕಾಫಿ ಪುಡಿ ಹಾಕಿದ ಕೂಡಲೇ ಉಕ್ಕಿ ಮುಖಕ್ಕೆ ಹಾರಬಹುದು. ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ.

ಮಗುವಿನ ಹಾಲನ್ನು ಇದರಲ್ಲಿ ಕಾಯಿಸಬೇಡಿ. ಬಾಟಲಿ ಬೆಚ್ಚಗೆ ಅನಿಸಿದರೂ ನಡುವೆ ಹಾಲು ಸುಡುತ್ತಿರುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಿ.

ತೆಗೆಯುವಾಗ ಸೆರಗು ಸಿಕ್ಕಿಸಿಕೊಳ್ಳಿ. ಒಣಗಿದ ದಪ್ಪ ಬಟ್ಟೆ ಹಿಡಿಯಿರಿ. ಒದ್ದೆ ಬಟ್ಟೆ ಬೇಡ, ಬಿಸಿ ಬೇಗ ಕೈಗೆ ದಾಟುತ್ತೆ. ಬಿಸಿ ಗಾಜಿನ ಪಾತ್ರೆಯನ್ನು ಒದ್ದೆ ಕಲ್ಲಿನ ಮೇಲೆ ಇಡಬೇಡಿ, ಒಡೆಯುತ್ತೆ.

ಮೂರು ಕಾಲಿನ ದಪ್ಪ ಪ್ಲಗ್ಗಿಗೇ ಹಾಕಿ. ಅರ್ಥಿಂಗ್ ಇರಲೇಬೇಕು. ಓವನ್ನಿನ ಗಾಳಿಕಿಂಡಿ ಮುಚ್ಚಬೇಡಿ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬಳಸಬೇಡಿ. ಕೆಟ್ಟರೆ ಮನೆಯಲ್ಲಿ ಬಿಚ್ಚಬೇಡಿ, ಬಿಚ್ಚಲು ಬಿಡಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಜೀವ ತೆಗೆಯುವಷ್ಟು ಕರೆಂಟು ಉಳಿದಿರಬಹುದು.

ಒಳಗೆ ಬೆಂಕಿ ಹತ್ತಿದರೆ? ಬಾಗಿಲು ತೆಗೆಯಬೇಡಿ. ಸ್ವಿಚ್ ಆರಿಸಿ. ಗಾಳಿ ಸಿಗದೆ ಬೆಂಕಿ ಆರುತ್ತೆ. ಆರದಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ, 112ಕ್ಕೆ ಫೋನು ಮಾಡಿ.

ಕೈ ಸುಟ್ಟರೆ? ಬಳೆ, ಉಂಗುರ ಕೂಡಲೇ ತೆಗೆಯಿರಿ. 20 ನಿಮಿಷ ತಣ್ಣೀರು ಹರಿಸಿ. ಅರಿಶಿನ, ಇಂಕು, ಪೇಸ್ಟು ಹಚ್ಚಬೇಡಿ. ಗಾಯ ದೊಡ್ಡದಾದರೆ 108ಕ್ಕೆ ಫೋನು ಮಾಡಿ.

“ಆ ಅಲೆ ಊಟದಲ್ಲಿ ಉಳಿದು ವಿಷವಾಗುತ್ತಾ?” ಎಂದು ಕೇಳ್ತೀರಿ. ಇಲ್ಲ. ಬಾಗಿಲು ತೆಗೆದ ಕೂಡಲೇ ಅಲೆ ನಿಲ್ಲುತ್ತೆ. ದೀಪ ಆರಿಸಿದರೆ ಬೆಳಕು ಉಳಿಯುತ್ತಾ? ಹಾಗೇ ಇದೂ.

ಈ ಒಲೆ ಕಂಡುಹಿಡಿದವನು ಯಾರು ಗೊತ್ತಾ? ಅಮೆರಿಕದ ಪರ್ಸಿ ಸ್ಪೆನ್ಸರ್. ಶಾಲೆ ಪೂರ್ತಿ ಓದಿದವನಲ್ಲ. 12 ವರ್ಷಕ್ಕೇ ದಾರದ ಉರುಳೆ ಮಾಡುವ ಮಿಲ್ಲಿಗೆ ಕೆಲಸಕ್ಕೆ ಹೋದ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಮಕ್ಕಳ ಹಾಗೇ ಅವನಿಗೂ ದಾರದ ಉರುಳೆ ಗೊತ್ತಿತ್ತು. ಆಮೇಲೆ ನೌಕಾಪಡೆ ಸೇರಿದ. ರಾತ್ರಿ ಪಹರೆ ಕಾಯುತ್ತಾ ತಾನೇ ಪುಸ್ತಕ ಓದಿ ಕಲಿತ. 1945ರಲ್ಲಿ ಅಲೆಯ ಯಂತ್ರದ ಮುಂದೆ ನಿಂತಿದ್ದಾಗ ಅವನ ಜೇಬಿನ ಮಿಠಾಯಿ ಕರಗಿತು. ಯಾಕೆ ಎಂದು ಯೋಚಿಸಿದ. ಅದರಿಂದ ಈ ಒಲೆ ಬಂತು. ದುಡಿಯುತ್ತಾ ಓದಿದವನು ಮಾಡಿದ ಒಲೆಗೆ, ದುಡಿಯುತ್ತಾ ಓದುವ ನಾವು ಹೆದರಬೇಕಾ?

ಆ ತಂಗಿ ಕೆಲಸ ಬಿಡಲಿಲ್ಲ. ಯಾವ ಗುಂಡಿ ಯಾವುದಕ್ಕೆ ಎಂದು ಮನೆಯವರನ್ನು ಕೇಳಿದಳು. ಚೀಟಿಯಲ್ಲಿ ಕನ್ನಡದಲ್ಲಿ ಬರೆದಳು. ಒಪ್ಪಿಗೆ ಕೇಳಿ ಗುಂಡಿಯ ಪಕ್ಕ ಅಂಟಿಸಿದಳು. ಆ ಮನೆಯ ಅಜ್ಜಿಗೂ ಇಂಗ್ಲಿಷ್ ಬರದು. ಈಗ ಅಜ್ಜಿ ಈ ಚೀಟಿ ಓದಿಯೇ ಹಾಲು ಬಿಸಿ ಮಾಡ್ತಾರೆ.

ನೀವೂ ಬರೆಯಿರಿ. ದಪ್ಪ ಅಕ್ಷರ ಇರಲಿ.

ಅಲೆ – ಸ್ಟೀಲ್ ಬೇಡ.
ಬಿಸಿಗಾಳಿ – ಪ್ಲಾಸ್ಟಿಕ್ ಬೇಡ.
ಬೆಂಕಿ ಹತ್ತಿದರೆ – ಬಾಗಿಲು ತೆಗೆಯಬೇಡ.

ನಾಳೆ ಬರುವಾಗ ಬರೆದು ತನ್ನಿ. ಎಲ್ಲರೂ ಸೇರಿ ಓದೋಣ.