ಹಾಡುವವರ ಗಂಟಲಿನ ಕಥೆ



ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಾಗಲಿ, ಹೊಳಲ್ಕೆರೆಯ ಗಣಪತಿ ಹಬ್ಬವಾಗಲಿ, ಹಾಡಿಲ್ಲದೆ ನಮಗೆ ರಾತ್ರಿ ಕಳೆಯದು. ಆರ್ಕೆಸ್ಟ್ರಾ ಇದ್ದ ದಿನ ಕೊನೆಯ ಹಾಡಿನ ಹೊತ್ತಿಗೆ ಗಾಯಕಿಯ ದನಿ ಒರಟಾಗಿರುತ್ತದೆ. ನಾವು ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತೇವೆ. ಆಕೆ ವ್ಯಾನು ಹತ್ತಿ ಮುಂದಿನ ಊರಿಗೆ ಹೊರಡುತ್ತಾಳೆ.

ಹಿಂದಿನ ಕಂಪನಿ ನಾಟಕಗಳಿಗೆ ಮೈಕ್ ಇರಲಿಲ್ಲ. ಪಾತ್ರ ಮಾಡುವವರೇ ಕಾಲು ಹಾರ್ಮೋನಿಯಂನ ಏರುಶ್ರುತಿಗೆ ದನಿ ಕೂಡಿಸಿ, ಕಟ್ಟಕಡೆಗೆ ಕೂತವರಿಗೂ ಕೇಳುವಂತೆ ಹಾಡಬೇಕು. ಚೆನ್ನಾಗಿ ಹಾಡಿದರೋ, ‘ವನ್ಸ್ ಮೋರ್’ ಎಂಬ ಕೂಗು! ಗಂಟಲು ಕಟ್ಟಿದರೆ ಜ್ಯೇಷ್ಠಮಧು, ಮೆಣಸು, ಕಲ್ಲುಸಕ್ಕರೆ. ಮರುದಿನ ಮತ್ತೆ ಆಟ.

ಗಂಟಲೊಳಗೆ ಏನಾಗುತ್ತದೆಂದು ಕಣ್ಣಾರೆ ಕಂಡು ಲೋಕಕ್ಕೆ ತಿಳಿಸಿದವರು ವೈದ್ಯರಲ್ಲ, ಸಂಗೀತದ ಮೇಷ್ಟ್ರು. 1854ರಲ್ಲಿ ಮನುಯೆಲ್ ಗಾರ್ಸಿಯಾ ಪುಟ್ಟ ಕನ್ನಡಿಗಳನ್ನು ಹಿಡಿದು ತಮ್ಮದೇ ಧ್ವನಿತಂತುಗಳನ್ನು ನೋಡಿದರು. ಹೆಂಗಸರು ಸುಮ್ಮನೆ ಮಾತಾಡುವಾಗಲೇ ಈ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಏರುದನಿಯಲ್ಲಿ ಇನ್ನೂ ಹೆಚ್ಚು. ನೇಗಿಲು ಹಿಡಿದ ಅಂಗೈ ಜಡ್ಡುಗಟ್ಟುವಂತೆ, ಬಿಡುವಿಲ್ಲದೆ ತಾಗಿದ ಕಡೆ ಗಂಟು ಏಳುತ್ತದೆ. ದನಿ ಒಡೆಯುತ್ತದೆ.

ಮೈಕ್ ಬಂದ ಮೇಲೆ ಗಂಟಲಿಗೆ ಸುಖ ಸಿಗಬೇಕಿತ್ತು. ಆದರೆ ಡ್ರಮ್ಸ್, ರಿದಂ ಪ್ಯಾಡ್, ಗೋಡೆಯಂತೆ ಪೇರಿಸಿದ ಸ್ಪೀಕರುಗಳ ನಡುವೆ ಹಾಡುವವರಿಗೆ ತಮ್ಮ ದನಿಯೇ ಕೇಳಿಸದು. ಕೇಳಿಸದವರು ಕೂಗುತ್ತಾರೆ. ಕಿವಿಗೂ ಪೆಟ್ಟು: 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದಾದರೆ, 100 ಡೆಸಿಬಲ್‌ಗೆ ಮಿತಿ 15 ನಿಮಿಷ ಮಾತ್ರ.

ಎಸ್.ಪಿ. ಬಾಲಸುಬ್ರಹ್ಮಣ್ಯಂ 1981ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ಸಂಗೀತ ನಿರ್ದೇಶಕ ಉಪೇಂದ್ರಕುಮಾರ್ ಅವರಿಗಾಗಿ ಒಂದೇ ದಿನ 21 ಕನ್ನಡ ಹಾಡು ಹಾಡಿದರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನಗೂ ಆ ಹೆಮ್ಮೆಯಿದೆ. ಆದರೆ ಆ ರಾತ್ರಿ ಅವರ ಗಂಟಲು ಹೇಗಿತ್ತೆಂದು ಯಾರೂ ಕೇಳುವುದಿಲ್ಲವಲ್ಲ ಎಂಬ ಸಂಕಟವೂ ಇದೆ.

2011ರಲ್ಲಿ ಇಂಗ್ಲೆಂಡಿನ ಪಾಪ್ ಗಾಯಕಿ ಅಡೆಲ್ ಅವರ ಧ್ವನಿತಂತುವಿನಲ್ಲಿ ರಕ್ತಸ್ರಾವವಾಯಿತು. ಪ್ರವಾಸ ರದ್ದು ಮಾಡಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮಾತನ್ನೇ ಬಿಟ್ಟು ಕೂತರು. 2012ರ ಫೆಬ್ರವರಿಯಲ್ಲಿ ಮತ್ತೆ ವೇದಿಕೆಯೇರಿ ಹಾಡಿದರು, ಅದೇ ರಾತ್ರಿ 6 ಗ್ರ್ಯಾಮಿ ಪಡೆದರು. ನಮ್ಮ ಜಿಲ್ಲೆಯ ಆರ್ಕೆಸ್ಟ್ರಾ ಹುಡುಗಿಗೆ ಒಂದು ತಿಂಗಳು ಮೌನವೆಂದರೆ ಒಂದು ತಿಂಗಳ ಸಂಪಾದನೆ ಹೋದಂತೆ. ಅದೂ ಭಾದ್ರಪದದಿಂದ ರಾಜ್ಯೋತ್ಸವದವರೆಗಿನ ಸುಗ್ಗಿಯಲ್ಲಿ ಆ ಮಾತೆಲ್ಲಿ!

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ‘ಶಿವಸಂಚಾರ’ ಎಂಬ ನಾಟಕ ತಂಡ ಶುರುಮಾಡಿದರು. ಒಂದೇ ಕಡೆ ತಾಲೀಮು, ಆಮೇಲೆ ನಾಡೆಲ್ಲ ತಿರುಗಾಟ. ಇಂಥ ತಂಡದಲ್ಲಿ ದನಿಯನ್ನು ಹದ ಮಾಡಿಕೊಳ್ಳುವುದಕ್ಕೆ ಕಾಲಾವಕಾಶವಿರುತ್ತದೆ. ರಾತ್ರಿಗೊಂದು ಪೆಂಡಾಲಿಗೆ ಹೋಗುವವರಿಗೆ ಅದಿಲ್ಲ.

ಗಂಟು ಎದ್ದಿತೆಂದರೆ ಹಾಡು ಮುಗಿಯಿತೆಂದಲ್ಲ. ಬೇಗ ತೋರಿಸಿಕೊಂಡರೆ ಬಹಳಷ್ಟು ಮಂದಿಗೆ ಕತ್ತರಿ ಬೇಕಾಗುವುದಿಲ್ಲ. ವಿಶ್ರಾಂತಿ, ನೀರು, ದನಿ ತೆಗೆಯುವ ಸರಿಯಾದ ಅಭ್ಯಾಸ ಸಾಕು. 1960ರ ದಶಕದಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಚಿಕಿತ್ಸೆಯ ಕೆಲಸ ಮಾಡುತ್ತಿದೆ. ಎರಡು ವಾರ ದಾಟಿದರೂ ದನಿ ಸರಿಹೋಗದಿದ್ದರೆ ಕಷಾಯ ನಂಬಿ ಕೂರಬೇಡಿ.

ಉತ್ಸವ ಸಮಿತಿಯವರಲ್ಲಿ ನನ್ನದೊಂದು ಬೇಡಿಕೆ. ಈ ಸಲ ಮುಂಗಡ ಕೊಡುವಾಗಲೇ ನಡುವೆ ಅರ್ಧ ಗಂಟೆ ಬಿಡುವು ಗೊತ್ತು ಮಾಡಿ. ಒಂದು ಫ್ಲಾಸ್ಕ್ ಬಿಸಿನೀರು ಇಡಿಸಿ. ಒಂದು ಸ್ಪೀಕರನ್ನು ಹಾಡುವವರ ಕಡೆಗೆ ತಿರುಗಿಸಿ.