ಹುಸೇನಪ್ಪ ಎಂಬ ಹೆಸರು

ಕಾಳಗಿ, ಸೇಡಂ, ಚಿತ್ತಾಪುರದ ಕಡೆ ಹುಸೇನಪ್ಪ, ಫಕೀರಪ್ಪ ಎಂಬ ಹೆಸರುಗಳು ಅಪರೂಪವಲ್ಲ. ಅರಬ್ಬಿಯಲ್ಲಿ ‘ಹಸನ್’ ಎಂದರೆ ಚೆಲುವ, ಒಳ್ಳೆಯವ. ‘ಹುಸೇನ್’ ಅದರ ಮುದ್ದಿನ ರೂಪ. ‘ಫಕೀರ್’ ಎಂದರೆ ಬಡವ. ‘ಅಪ್ಪ’ ಮಾತ್ರ ಅಚ್ಚಗನ್ನಡ. ಈ ಹೆಸರು ಹೊತ್ತವರು ಸಾಮಾನ್ಯವಾಗಿ ಹಿಂದೂಗಳು. ಮೊಹರಂ ಪೀರರಿಗೋ ದರ್ಗಾಕ್ಕೋ ಹರಕೆ ಹೊತ್ತು ಹಡೆದ ಮಗುವಿಗೆ ಇಂಥ ಹೆಸರಿಡುವುದು ಈ ಕಡೆಯ ರೂಢಿ.

ಭಾಷೆಗಳ ಈ ಕೊಡುಕೊಳೆ ಹಳೆಯದು. ಸಂಸ್ಕೃತದ ‘ವೃಷಭ’ವೇ ಪ್ರಾಕೃತದಲ್ಲಿ ‘ವಸಹ’ವಾಗಿ, ಕನ್ನಡದಲ್ಲಿ ‘ಬಸವ’ನಾಯಿತು. ಸೇಡಂ ಬಳಿಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರಲ್ಲಿ ಕೃಷ್ಣನೆಂಬ ಅರಸರು ಶಾಸನಗಳಲ್ಲಿ ‘ಕನ್ನರ’ರಾಗಿದ್ದಾರೆ.

ನುಡಿ ಬೇರೆಯಾದರೂ ಹೆತ್ತವರ ಭಾವ ಒಂದೇ. ಸಂಸ್ಕೃತದ ದೇವದತ್ತ, ಉರ್ದು ಬಲ್ಲವರ ಅಲ್ಲಾಬಕ್ಷ, ಗ್ರೀಕರ ಥಿಯೊಡೋರ್, ಹೀಬ್ರೂವಿನ ನಥಾನಿಯೇಲ್ ಎಲ್ಲದರ ತಿರುಳೂ ‘ದೇವರು ಕೊಟ್ಟದ್ದು’ ಎಂದೇ.

‘ಇದು ಯಾವ ಧರ್ಮದ ಹೆಸರು?’ ಎಂದು ಕೇಳುವವರುಂಟು. ಆ ಪ್ರಶ್ನೆಗೆ ಅಳುಕಿ ಹುಸೇನಪ್ಪ ತನ್ನ ಹೆಸರು ತಿದ್ದಿಸಿಕೊಂಡರೆ ಅಳಿಯುವುದು ನಾಲ್ಕು ಅಕ್ಷರವಷ್ಟೇ ಅಲ್ಲ. ಅವನಿಗಾಗಿ ತಾಯಿ ಹೊತ್ತ ಹರಕೆಯ ನೆನಪೂ ಅಳಿಯುತ್ತದೆ.