ಮನಿಯಾರ್ಡರ್ ನಿಂತ ಮೇಲೆ

(ಓದುಗರ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ಯಾರಿಸಿನ ಒಬ್ಬ ಬಾಲಕನನ್ನು ಇಂದು ನಿಮಗೆ ಪರಿಚಯಿಸಬಯಸುತ್ತೇನೆ. ಹೆಸರು ಮುಹಮ್ಮದ್, ಎಲ್ಲರ ಬಾಯಲ್ಲಿ ಮೋಮೋ. ರೊಮೇನ್ ಗ್ಯಾರಿ ಎಂಬ ಫ್ರೆಂಚ್ ಲೇಖಕ 1975ರಲ್ಲಿ ಎಮಿಲ್ ಅಜಾರ್ ಎಂಬ ಗುಪ್ತನಾಮದಿಂದ ಪ್ರಕಟಿಸಿ, ಅದೇ ವರ್ಷ ಗೊಂಕೂರ್ ಪ್ರಶಸ್ತಿ ಪಡೆದ 'ಲಾ ವಿ ದೆವಾಂ ಸ್ವಾ' ಕಾದಂಬರಿಯ ನಿರೂಪಕ ಈತ.

ವಲಸಿಗರ ಬೆಲ್‌ವಿಲ್ ಬಡಾವಣೆಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಆರನೆಯ ಮಹಡಿಯಲ್ಲಿ ಮದಾಂ ರೋಸಾ ವೇಶ್ಯೆಯರ ಮಕ್ಕಳನ್ನು ಹಣ ಪಡೆದು ಸಾಕುತ್ತಾಳೆ. ಆಕೆ ಯಹೂದಿ, ಔಶ್ವಿಟ್ಜ್ ಶಿಬಿರದಿಂದ ಬದುಕಿ ಬಂದವಳು. ಆದರೂ ಮೋಮೋನನ್ನು ಮುಸ್ಲಿಮನಾಗಿಯೇ ಬೆಳೆಸುತ್ತಾಳೆ. ಕುರ್‌ಆನ್ ಕಲಿಯಲು ಹಾಮಿಲ್ ಎಂಬ ವೃದ್ಧ ರತ್ನಗಂಬಳಿ ವ್ಯಾಪಾರಿಯ ಬಳಿಗೆ ಕಳುಹಿಸುತ್ತಾಳೆ.

ತನ್ನನ್ನು ಸಾಕುವುದಕ್ಕೆ ತಿಂಗಳಿಗೊಮ್ಮೆ ಮನಿಯಾರ್ಡರ್ ಬರುತ್ತದೆಂದು ತಿಳಿದದ್ದೇ ಆ ಮಗುವಿನ ಮೊದಲ ದುಃಖ. ಅಲ್ಲಿಯವರೆಗೆ ಅದನ್ನು ಆತ ಪ್ರೀತಿಯೆಂದೇ ನಂಬಿದ್ದ. ಬಳಿಕ ಕದಿಯುತ್ತಾನೆ, ರಂಪ ಮಾಡುತ್ತಾನೆ. ಮುದ್ದಿನ ನಾಯಿಮರಿಗೆ ಒಳ್ಳೆಯ ಬದುಕು ಸಿಗಲೆಂದು ಶ್ರೀಮಂತ ಮಹಿಳೆಗೆ 500 ಫ್ರಾಂಕಿಗೆ ಮಾರಿ, ಆ ಹಣವನ್ನು ಚರಂಡಿಗೆ ಎಸೆಯುತ್ತಾನೆ. ಸಮಾಜ ಇಂಥವನನ್ನು ಪುಂಡನೆನ್ನುತ್ತದೆ. ಆತನ ಲೆಕ್ಕಾಚಾರವಾದರೋ ಬೇರೆ: ಪ್ರೀತಿಗೆ ಬೆಲೆ ಕಟ್ಟಲಾಗದು.

ಮುಂದೆ ಹಣ ನಿಲ್ಲುತ್ತದೆ, ವೃದ್ಧೆ ಹಾಸಿಗೆ ಹಿಡಿಯುತ್ತಾಳೆ. ಆಕೆಯನ್ನು ಬಿಟ್ಟು ಹೋಗದವನು ಈ ಪುಂಡನೇ. ಸತ್ತ ಮೇಲೂ ನೆಲಮಾಳಿಗೆಯಲ್ಲಿ ಆಕೆಯ ಪಕ್ಕದಲ್ಲೇ ಕುಳಿತಿರುತ್ತಾನೆ.

ಕೃತಿಯ ಭಾಷೆ ಒರಟು, ಪರಿಸರ ಅಶ್ಲೀಲ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಪರಿಸರದಲ್ಲಿ ಹುಟ್ಟುವುದು ಮಗುವಿನ ಆಯ್ಕೆಯಾಗಿತ್ತೇ? ಫೆಲೆಸ್ತೀನಿನ ಮೇಲಿನ ಅನ್ಯಾಯವನ್ನು ಖಂಡಿಸುವ ನಾವು ಕರೆಗಂಟೆಯ ಸದ್ದಿಗೆ ನಡುಗುವ ಈ ಯಹೂದಿ ವೃದ್ಧೆಯ ಭಯವನ್ನೂ ಅರಿಯಬೇಕು. ನ್ಯಾಯಕ್ಕೆ ಎರಡು ತಕ್ಕಡಿಗಳಿಲ್ಲ.

ಪ್ರವಾದಿವರ್ಯರು(ಸ) ಸ್ವತಃ ಅನಾಥರಾಗಿ ಬೆಳೆದವರು. ಯತೀಮನನ್ನು ದೂರ ತಳ್ಳುವವನನ್ನು ಕುರ್‌ಆನಿನ 107ನೆಯ ಅಧ್ಯಾಯವು ಧರ್ಮವನ್ನೇ ನಿರಾಕರಿಸುವವನೆಂದು ಗುರುತಿಸುತ್ತದೆ. ರಮಝಾನಿನಲ್ಲಿ ನಾವು ಯತೀಮ್‌ಖಾನೆಗೆ ಹಣ ಕೊಟ್ಟು ರಶೀದಿ ಪಡೆಯುತ್ತೇವೆ. ಅದು ಅಗತ್ಯ, ನಿಜ. ಆದರೆ ಅದು ಮನಿಯಾರ್ಡರ್ ಮಾತ್ರ. ಆ ಮಕ್ಕಳಲ್ಲಿ ಒಬ್ಬನ ಹೆಸರಾದರೂ ನಮಗೆ ಗೊತ್ತಿದೆಯೇ? ಹಬ್ಬದ ದಿನ ನಮ್ಮ ಮನೆಯ ಊಟದಲ್ಲಿ ಅವನಿಗೊಂದು ತಟ್ಟೆಯಿದೆಯೇ? ತಾಯಿ ಯಾರೆಂದು ವಿಚಾರಿಸದೆ ಅವನನ್ನು ಮಸೀದಿಯ ಸಾಲಿನಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಳ್ಳಬಲ್ಲೆವೇ?

ಮೋಮೋ ನಮ್ಮ ಮಹಲ್ಲಾದಲ್ಲೂ ಇದ್ದಾನೆ. ರಶೀದಿಯನ್ನು ಜೇಬಿಗೆ ಹಾಕಿಕೊಂಡ ಮೇಲೆ, ದಯವಿಟ್ಟು ಅವನನ್ನೊಮ್ಮೆ ಹುಡುಕಿರಿ.